ಮರಳಿಗಾಗಿ ಕಾದ ಸ್ಲ್ಯಾಬ್

ಪುಣೆಯ ನರ್ಹೆಯಲ್ಲಿ ಮೂರು ಮಹಡಿಯ ಮನೆ ಕಟ್ಟಿಸುತ್ತಿದ್ದೆ. ಎರಡನೇ ಸ್ಲ್ಯಾಬಿಗೆ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಅಚ್ಚು) ಆಗಿತ್ತು, ಸರಳು ಕಟ್ಟಿಯಾಗಿತ್ತು. ಯಾದಗಿರಿ ಕಡೆಯ 18 ಆಳು ಬೆಳಿಗ್ಗೆ ಆರಕ್ಕೇ ಬಂದು ಕೂತಿದ್ದರು. ಬರದಿದ್ದದ್ದು ಕ್ರಶ್ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಒಂದೇ. ವಾಘೋಲಿ ಕಡೆಯ ಕ್ರಷರ್‌ನವನು ಮಧ್ಯಾಹ್ನದವರೆಗೂ ‘ಗಾಡಿ ಹೊರಟಿದೆ’ ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಗಣಪತಿ ಹಬ್ಬ ಬೇರೆ, ದೊಡ್ಡ ಗಾಡಿಗಳಿಗೆ ಪೇಟೆ ರಸ್ತೆಯಲ್ಲಿ ತಡೆ. ಮೂರು ದಿನ ಹೀಗೇ ಹೋಯಿತು. ‘ಉಸುಕು ಬರ್ಲಿಲ್ಲಂದ್ರೂ ಹೊಟ್ಟಿ ಇರ್ತದಲ್ರೀ ಸಾಹೇಬ್ರ’ ಅಂದ ಆಳುಗಳ ಮುಖಂಡ ಮುಕಾದಮ್. ಕೂತ ಪಗಾರ ಕೊಟ್ಟೆ.

ತಪ್ಪು ನನ್ನದೂ ಹೌದು. ಆ ಕ್ರಷರ್‌ನವನು ಉದ್ರಿ ಕೊಡುತ್ತಿದ್ದ, ಹಾಗಾಗಿ ಬೇರೆ ಕಡೆ ವಿಚಾರಿಸಿರಲೇ ಇಲ್ಲ. ಬುದ್ಧಿ ಬಂದು ಕಾತ್ರಜ್ ಹತ್ತಿರ ಇನ್ನೊಬ್ಬ ಡೀಲರನನ್ನು ಹಿಡಿದೆ. ಮೊದಲ ಗಾಡಿಯ ಚಲನ್ ನೋಡಿದರೆ ಅದೇ ಕ್ರಷರ್‌ನ ಹೆಸರು! ಕೊಡುವವರು ಇಬ್ಬರು, ಮಾಲು ಒಂದೇ ಕಡೆಯದು. ಅಲ್ಲಿ ಕೆಲಸ ನಿಂತರೆ ಇಬ್ಬರೂ ಕೈ ಎತ್ತುತ್ತಾರೆ, ಅಲ್ವಾ? ಈಗ ರೇಟ್ ಕೇಳುವ ಮೊದಲು ‘ಮಾಲು ಯಾವ ಕ್ವಾರಿಯದು, ಯಾವ ರಸ್ತೆಯಲ್ಲಿ ಬರುತ್ತದೆ’ ಅಂತ ಕೇಳುತ್ತೇನೆ. ಸ್ವಲ್ಪ ಜಾಸ್ತಿ ರೇಟಾದರೂ ಬೇರೆ ಕ್ವಾರಿಯ ಮಾಲು ಕೊಡುವ ಎರಡನೆಯವನಿಂದ ಆಗಾಗ ಒಂದು ಗಾಡಿ ತರಿಸುತ್ತೇನೆ. ಕಷ್ಟ ಬಂದಾಗ ಮಾತ್ರ ಫೋನ್ ಮಾಡಿದರೆ ಯಾರು ಕೇಳುತ್ತಾರೆ?

ಎಲ್ಲವನ್ನೂ ಕೂಡಿಡಲು ಆಗುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸ್ಟೀಲ್ ದರ ಏರಿದ್ದು ನೋಡಿದ ಮೇಲೆ, ಒಂದು ಸ್ಲ್ಯಾಬಿನ ಸರಳು ಮೊದಲೇ ತಂದು ಹಾಕುತ್ತೇನೆ. ಸಿಮೆಂಟಿಗೆ ಅದು ನಡೆಯದು. ಮೂರು ತಿಂಗಳು ಇಟ್ಟರೆ ಬಲ ಸುಮಾರು 20% ಇಳಿಯುತ್ತದೆ, ಮಳೆಗಾಲದಲ್ಲಂತೂ ಗಂಟು ಕಟ್ಟುತ್ತದೆ. ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಬೇಡ. ಹಳೆಯದು ಮೊದಲು ಖಾಲಿಯಾಗಬೇಕು.

ಆಳುಗಳ ಲೆಕ್ಕ ಬೇರೆ. ಕಾರಹುಣ್ಣಿಮೆಗೆ ಊರಿಗೆ ಹೋದವರು ತೊಗರಿ ಬಿತ್ತಿಯೇ ಬರುವುದು. ಆ ದಿನಗಳಲ್ಲಿ ನಾನು ಸ್ಲ್ಯಾಬ್ ಹಿಡಿಯುವುದೇ ಇಲ್ಲ.

ಸಾವಿರ ಚದರಡಿಯ ಐದಿಂಚು ಸ್ಲ್ಯಾಬಿಗೆ, ಬೀಮ್ ಬಿಟ್ಟು, ಸುಮಾರು 2 ಬ್ರಾಸ್, ಅಂದರೆ 200 ಘನ ಅಡಿ ಮರಳು ಬೇಕು. ಹಿಂದಿನ ಸಂಜೆ ರಾಶಿ ಅಳೆದ ಮೇಲೇ ಮುಕಾದಮನಿಗೆ ಫೋನ್ ಮಾಡುತ್ತೇನೆ. ಅವನೂ ಸುಮ್ನೆ ನಂಬುವುದಿಲ್ಲ. ‘ಫೋಟೋ ಕಳಸ್ರೀ’ ಅಂತಾನೆ.