ಕೇಬಲ್ ಮೋಡೆಮ್ ಸಿಗ್ನಲ್: ಎಷ್ಟಿರಬೇಕು, ಕೆಟ್ಟರೆ ಎಲ್ಲಿ ಹುಡುಕಬೇಕು

ಅಮೆರಿಕದಲ್ಲಿ ಕೇಬಲ್ ಇಂಟರ್ನೆಟ್ ತೆಗೆದುಕೊಂಡವರು ಮೋಡೆಮನ್ನು ಅಂಗಡಿಯಿಂದ ತಂದು ತಾವೇ ಜೋಡಿಸಿಕೊಳ್ಳುವುದು ಮಾಮೂಲು. ವಿಡಿಯೊ ಕಾಲ್ ನಡುವೆ ಊರಿನವರ ಮುಖ ಅಲ್ಲಾಡದೆ ನಿಂತರೆ ಮೊದಲು ವೈಫೈಯನ್ನು ಬೈಯುತ್ತೇವೆ, ಆಮೇಲೆ ಕಂಪನಿಯನ್ನು. ಇವೆರಡರ ನಡುವೆ ಮನೆಯೊಳಗಿನ ಕೇಬಲ್, ಕನೆಕ್ಟರ್, ಒಂದು ಕೇಬಲನ್ನು ಹಲವಾಗಿ ಕವಲೊಡೆಸುವ ಸ್ಪ್ಲಿಟರ್ ಇವೆ ಎಂಬುದು ನೆನಪಾಗುವುದೇ ಇಲ್ಲ. ಅಲ್ಲಿ ತಪ್ಪಿದೆಯೇ ಇಲ್ಲವೇ ಎಂಬುದನ್ನು ಮೋಡೆಮ್ ತಾನೇ ಅಂಕಿಗಳಲ್ಲಿ ತೋರಿಸುತ್ತದೆ. ಇಲ್ಲಿ ಹೇಳಿರುವುದು ಉತ್ತರ ಅಮೆರಿಕದ ಡಾಕ್ಸಿಸ್ (ಕೇಬಲ್ ಇಂಟರ್ನೆಟ್‌ನ ತಾಂತ್ರಿಕ ಮಾನದಂಡ) 3.0 ಮತ್ತು 3.1 ಮೋಡೆಮ್‌ಗಳ ಲೆಕ್ಕ. ಮನೆಯವರೆಗೆ ಫೈಬರ್ ಬಂದಿರುವವರಿಗೆ ಇದು ಅನ್ವಯಿಸುವುದಿಲ್ಲ.

ಬ್ರೌಸರ್‌ನಲ್ಲಿ 192.168.100.1 ಎಂದು ಟೈಪ್ ಮಾಡಿದರೆ ಬಹುತೇಕ ಮೋಡೆಮ್‌ಗಳ ಪುಟ ತೆರೆಯುತ್ತದೆ. ಅದರಲ್ಲಿ ಸ್ಟೇಟಸ್, ಕನೆಕ್ಷನ್ ಅಥವಾ ಸಿಗ್ನಲ್ ಎಂಬ ಹೆಸರಿನ ಕಡೆ ಒಂದೊಂದು ಚಾನೆಲ್‌ಗೆ ಒಂದೊಂದು ಸಾಲಿರುತ್ತದೆ. ಏನನ್ನೂ ಮುಟ್ಟುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮೋಡೆಮ್ ರೀಸ್ಟಾರ್ಟ್ ಆದರೆ ದೋಷಗಳ ಎಣಿಕೆ ಸೊನ್ನೆಯಾಗುತ್ತದೆ, ನಿಮ್ಮ ಸಾಕ್ಷಿಯೂ ಹೋಗುತ್ತದೆ.

ಅಂಕಿಗಳನ್ನು ಓದುವುದು

ಸಿಗ್ನಲ್ ಮಟ್ಟವನ್ನು ಅಳೆಯುವುದು ಡಿಬಿಎಂವಿ (ಡೆಸಿಬೆಲ್ ಮಿಲಿವೋಲ್ಟ್) ಲೆಕ್ಕದಲ್ಲಿ. 75 ಓಮ್ ಕೇಬಲ್ ಮೇಲೆ 1 ಮಿಲಿವೋಲ್ಟ್ ಇದ್ದರೆ ಅದು 0 ಡಿಬಿಎಂವಿ. ಆದ್ದರಿಂದ ಸೊನ್ನೆ ಎಂದರೆ ಸಿಗ್ನಲ್ ಇಲ್ಲ ಎಂದಲ್ಲ, ಅದು ಒಳ್ಳೆಯ ಅಂಕಿ. ನಮ್ಮೂರಿನ ಕೇಬಲ್ ಆಪರೇಟರ್‌ಗಳ ಮೀಟರ್ ಡಿಬಿ ಮೈಕ್ರೋವೋಲ್ಟ್‌ನಲ್ಲಿ ತೋರಿಸಿದರೆ ಅದರಿಂದ 60 ಕಳೆಯಿರಿ: ಅಲ್ಲಿಯ 65 ಎಂದರೆ ಇಲ್ಲಿಯ +5.

ಡೌನ್‌ಸ್ಟ್ರೀಮ್, ಅಂದರೆ ಮೋಡೆಮ್‌ಗೆ ಬರುವ ಸಿಗ್ನಲ್, ಡಾಕ್ಸಿಸ್ 3.0 ಪ್ರಕಾರ ಪ್ರತಿ ಚಾನೆಲ್‌ಗೆ −15ರಿಂದ +15 ಡಿಬಿಎಂವಿ ಒಳಗಿದ್ದರೆ ಸಾಕು. ಆದರೆ ಅಂಚಿನಲ್ಲಿ ಓಡಿಸಬಾರದು, −7ರಿಂದ +7ರ ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಪಕ್ಕದಲ್ಲೇ ಎಸ್‌ಎನ್‌ಆರ್ ಇರುತ್ತದೆ, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಲೆಕ್ಕ. ಕ್ವಾಮ್ ಎಂದರೆ ಸಿಗ್ನಲ್‌ನಲ್ಲಿ ಡೇಟಾ ತುಂಬುವ ಬಗೆ (ಮಾಡ್ಯುಲೇಶನ್), ಅದರ ಅಂಕಿ ದೊಡ್ಡದಾದಷ್ಟೂ ಹೆಚ್ಚು ಡೇಟಾ. 256 ಕ್ವಾಮ್ ಚಾನೆಲ್‌ಗೆ ಮಟ್ಟ −6 ಅಥವಾ ಅದಕ್ಕಿಂತ ಮೇಲಿದ್ದಾಗ ಕನಿಷ್ಠ 30 ಡಿಬಿ ಬೇಕು, −6ಕ್ಕಿಂತ ಕೆಳಗಿದ್ದರೆ 33. ನೆಮ್ಮದಿಯ ಅಂಕಿ 36ರ ಮೇಲೆ. 3.1ರ ಒಎಫ್‌ಡಿಎಂ ಎಂಬ ಅಗಲವಾದ ಚಾನೆಲ್ 4096 ಕ್ವಾಮ್‌ನಲ್ಲಿ ಓಡಬೇಕಾದರೆ 41 ಡಿಬಿ ಬೇಕು. ಅಷ್ಟು ಸಿಗದಿದ್ದರೆ ಲೈನ್ ಕಡಿಯುವುದಿಲ್ಲ, ಕೆಳಗಿನ ಮಾಡ್ಯುಲೇಶನ್‌ಗೆ ಇಳಿದು ವೇಗ ಕಡಿಮೆಯಾಗುತ್ತದೆ.

ಮೊದಲು ನೋಡಬೇಕಾದದ್ದು ಮಾತ್ರ ಅಪ್‌ಸ್ಟ್ರೀಮ್ ಪವರ್. ಇದನ್ನು ಹೆಚ್ಚಿನವರು ತಿರುವುಮುರುವಾಗಿ ಓದುತ್ತಾರೆ. ಇದು ಬರುವ ಸಿಗ್ನಲ್ ಅಲ್ಲ, ಮೋಡೆಮ್ ಎಷ್ಟು ಜೋರಾಗಿ ಕೂಗಬೇಕಾಗಿದೆ ಎಂಬುದು. ಆ ಕಡೆಯ ಸಿಎಂಟಿಎಸ್ (ಮೋಡೆಮ್‌ಗಳೊಂದಿಗೆ ಮಾತಾಡುವ ಕಂಪನಿಯ ಯಂತ್ರ) ತನಗೆ ಬೇಕಾದ ಮಟ್ಟ ಸಿಗುವವರೆಗೂ ಪವರ್ ಏರಿಸು ಎಂದು ಮೋಡೆಮ್‌ಗೆ ಹೇಳುತ್ತಲೇ ಇರುತ್ತದೆ. 35ರಿಂದ 49 ಡಿಬಿಎಂವಿ ಸರಿಯಾದ ಜಾಗ. ನಾಲ್ಕು ಚಾನೆಲ್ ಒಟ್ಟಿಗೆ 64 ಕ್ವಾಮ್‌ನಲ್ಲಿ ಓಡುವಾಗ ಡಾಕ್ಸಿಸ್ 3.0 ಮೋಡೆಮ್ ಒಂದೊಂದು ಚಾನೆಲ್‌ಗೂ ಕೊಡಲೇಬೇಕಾದ ಗರಿಷ್ಠ ಪವರ್ 51 ಮಾತ್ರ. 50ರ ಹತ್ತಿರ ಕಂಡರೆ ಡೌನ್‌ಲೋಡ್ ಎಷ್ಟೇ ಚೆನ್ನಾಗಿದ್ದರೂ ಲೈನ್ ಯಾವ ಹೊತ್ತಿನಲ್ಲಾದರೂ ಕಡಿಯಬಹುದು. ಲಾಗ್‌ನಲ್ಲಿ ಟಿ3 ಟೈಮ್‌ಔಟ್‌ಗಳು ಸಾಲುಗಟ್ಟಿದ್ದರೆ ಮೋಡೆಮ್ ಕೂಗಿದ್ದಕ್ಕೆ ಉತ್ತರ ಬರುತ್ತಿಲ್ಲ ಎಂದರ್ಥ. ಟಿ4 ಇನ್ನೂ ಕೆಟ್ಟದ್ದು: ಸುಮಾರು 30 ಸೆಕೆಂಡು ಸಿಎಂಟಿಎಸ್‌ನಿಂದ ಮಾತಾಡುವ ಅವಕಾಶವೇ ಸಿಗದೆ ಮೋಡೆಮ್ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ.

ಸರಿಪಡಿಸಲಾಗದ ಕೋಡ್‌ವರ್ಡ್‌ಗಳ (ಕೆಟ್ಟು ಬಂದ ಡೇಟಾ ತುಂಡುಗಳ) ಎಣಿಕೆಯ ಒಟ್ಟು ಮೊತ್ತ ಏನನ್ನೂ ಹೇಳುವುದಿಲ್ಲ, ಮೋಡೆಮ್ ಆನ್ ಆಗುವಾಗಲೇ ಒಂದಷ್ಟು ಸೇರಿಕೊಂಡಿರುತ್ತವೆ. ಈಗೊಮ್ಮೆ ಬರೆದುಕೊಂಡು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಏರುತ್ತಿದ್ದರೆ ತೊಂದರೆ ಈಗ ನಡೆಯುತ್ತಿದೆ.

ಎಲ್ಲಿ ಎಷ್ಟು ಸೋರುತ್ತದೆ

ಎರಡು ದಾರಿಯ ಸ್ಪ್ಲಿಟರ್ 3.5 ಡಿಬಿ ತಿನ್ನುತ್ತದೆ, ನಾಲ್ಕು ದಾರಿಯದು 7, ಎಂಟು ದಾರಿಯದು 11. ಮೂರು ದಾರಿಯದರಲ್ಲಿ ಎರಡು ಬಗೆ ಇದ್ದು, ಅಸಮಾನದ್ದಾದರೆ ಒಂದು ಪೋರ್ಟ್‌ನಲ್ಲಿ 3.5, ಉಳಿದೆರಡರಲ್ಲಿ 7 ಎಂದು ಮೇಲೆಯೇ ಅಚ್ಚು ಹಾಕಿರುತ್ತಾರೆ. ಖಾಲಿ ಬಿಟ್ಟ ಪೋರ್ಟ್ ಕೂಡ ತನ್ನ ಪಾಲನ್ನು ತೆಗೆದುಕೊಂಡೇ ತೀರುತ್ತದೆ. ಆರ್‌ಜಿ-6 ಕೇಬಲ್ 100 ಮೀಟರಿಗೆ 750 ಮೆಗಾಹರ್ಟ್ಸ್‌ನಲ್ಲಿ ಸುಮಾರು 18.5 ಡಿಬಿ ಕಳೆಯುತ್ತದೆ, 55ರಲ್ಲಿ 5.25 ಮಾತ್ರ. ಅಪ್‌ಸ್ಟ್ರೀಮ್ ಸಾಮಾನ್ಯವಾಗಿ ಹೋಗುವ 5ರಿಂದ 42 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಕಡಿಮೆ. ಹಾಗಾಗಿ ಕೇಬಲ್ ಉದ್ದವಾದರೆ ಪೆಟ್ಟು ಬೀಳುವುದು ಮೇಲಿನ ಡೌನ್‌ಸ್ಟ್ರೀಮ್ ಚಾನೆಲ್‌ಗಳಿಗೆ, ಸ್ಪ್ಲಿಟರ್ ಹೆಚ್ಚಾದರೆ ಎರಡೂ ದಿಕ್ಕಿಗೆ.

ಒಂದು ಲೆಕ್ಕ ಹಾಕೋಣ. ಮನೆಗೆ ಬರುವ ಜಾಗದಲ್ಲಿ 750 ಮೆಗಾಹರ್ಟ್ಸ್‌ನಲ್ಲಿ +6 ಇದೆ, ಆ ಜಾಗದಿಂದ ಅಪ್‌ಸ್ಟ್ರೀಮ್ 40 ಡಿಬಿಎಂವಿಯಲ್ಲಿ ಹೊರಡಬೇಕು. ಬೇಸ್‌ಮೆಂಟ್‌ನಲ್ಲಿ ನಾಲ್ಕು ದಾರಿಯ ಸ್ಪ್ಲಿಟರ್, ಅಲ್ಲಿಂದ 15 ಮೀಟರ್ ಕೇಬಲ್, ಟಿವಿಯ ಹಿಂದೆ ಇನ್ನೊಂದು ಎರಡು ದಾರಿಯದು, ಅದರ ಒಂದು ಕಾಲಿಗೆ ಮೋಡೆಮ್. ಡೌನ್‌ಸ್ಟ್ರೀಮ್‌ನಲ್ಲಿ ಹೋದದ್ದು 7 + 2.8 + 3.5 = 13.3. ಮೋಡೆಮ್‌ಗೆ ಸಿಕ್ಕಿದ್ದು −7.3, ಇದು ಹೇಗೋ ನಡೆಯುತ್ತದೆ. ಅಪ್‌ಸ್ಟ್ರೀಮ್‌ನಲ್ಲಿ 7 + 3.5 + ಕೇಬಲಿನ 0.6 ಸೇರಿ ಮೋಡೆಮ್ 51.1ರಲ್ಲಿ ಕೂಗಬೇಕು. ಮಿತಿ ಮುಗಿದೇ ಹೋಯಿತು. ಸ್ಪೀಡ್ ಟೆಸ್ಟ್ ಚೆನ್ನಾಗಿದ್ದೂ ಕಾಲ್ ಮಾತ್ರ ಕಡಿಯುವ ಮನೆಗಳಲ್ಲಿ ಹುಡುಕಬೇಕಾದದ್ದು ಇದನ್ನೇ.

ಪರಿಹಾರಕ್ಕೆ ಬೇಕಾದದ್ದು ಒಂದು ಎರಡು ದಾರಿಯ ಸ್ಪ್ಲಿಟರ್ ಅಷ್ಟೆ. ಅದನ್ನು ಲೈನ್ ಒಳಬರುವ ಕಡೆಯೇ ಹಾಕಿ, ಒಂದು ಕಾಲನ್ನು ನೇರ ಮೋಡೆಮ್‌ಗೆ ಎಳೆಯಿರಿ. ಇನ್ನೊಂದು ಕಾಲು ಟಿವಿಗಳ ನಾಲ್ಕು ದಾರಿಯ ಸ್ಪ್ಲಿಟರ್‌ಗೆ. ಈಗ ಮೋಡೆಮ್‌ಗೆ −0.3, ಅಪ್‌ಸ್ಟ್ರೀಮ್ 44.1. ಸ್ಪ್ಲಿಟರ್ ಮೇಲೆ 5–1002 ಮೆಗಾಹರ್ಟ್ಸ್ ಎಂದಿರಲಿ. ಡಿಶ್‌ಗೆಂದು ಮಾಡಿದ, 950ರಿಂದ ಶುರುವಾಗುವ ಸ್ಪ್ಲಿಟರ್ ಇಲ್ಲಿ ಕೆಲಸಕ್ಕೆ ಬಾರದು. ಟಿವಿ ಇಲ್ಲದ ಕೋಣೆಗಳ ಪೋರ್ಟ್‌ಗಳಿಗೆ 75 ಓಮ್ ಟರ್ಮಿನೇಟರ್ (ಮುಚ್ಚಳ) ಕೂರಿಸಿ.

ಸಿಗ್ನಲ್ ಕಡಿಮೆ ಎಂದು ಆಂಪ್ಲಿಫೈಯರ್ ತಂದು ಸಿಕ್ಕಿಸುವುದು ಬಹಳ ಕಡೆ ನಡೆಯುವ ತಪ್ಪು. ಅದು ಸಿಗ್ನಲ್ ಜೊತೆ ಗದ್ದಲವನ್ನೂ ಎತ್ತುತ್ತದೆ, ತನ್ನದನ್ನೂ ಒಂದಿಷ್ಟು ಸೇರಿಸುತ್ತದೆ. ಮಟ್ಟ ಏರಿದರೂ ಎಸ್‌ಎನ್‌ಆರ್ ಏರುವುದಿಲ್ಲ. ರಿಟರ್ನ್ ಪಾತ್ (ಅಪ್‌ಸ್ಟ್ರೀಮ್ ಹೋಗುವ ದಾರಿ) ಇಲ್ಲದ ಆಂಪ್ಲಿಫೈಯರ್ ಆದರೆ ಅಪ್‌ಸ್ಟ್ರೀಮ್ ಅಲ್ಲೇ ಸತ್ತುಹೋಗಿ ಮೋಡೆಮ್ ಆನ್‌ಲೈನ್‌ಗೆ ಬರುವುದೇ ಇಲ್ಲ. ಮಟ್ಟ +12, +13ಕ್ಕೆ ಏರಿದ್ದರೆ 6 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಹಾಕಬಹುದು, ಆದರೆ ಅಪ್‌ಸ್ಟ್ರೀಮ್ ಕೂಡ 6 ಏರುತ್ತದೆ ಎಂಬುದನ್ನು ಮರೆಯಬೇಡಿ. ಅದಾಗಲೇ 45 ಇದ್ದರೆ ಬೇಡ. ಡೌನ್‌ಸ್ಟ್ರೀಮ್‌ಗೆ ಮಾತ್ರ ತಡೆಯೊಡ್ಡುವ ಅಟೆನ್ಯುಯೇಟರ್‌ಗಳೂ ಸಿಗುತ್ತವೆ, ಅಂಥದನ್ನು ತನ್ನಿ.

ಕನೆಕ್ಟರ್ ಮಾಡುವ ಕ್ರಮ

ಮನೆಯೊಳಗಿನ ತೊಂದರೆಗಳಲ್ಲಿ ದೊಡ್ಡ ಪಾಲು ಕೇಬಲ್ ತುದಿಯ ಎಫ್ ಕನೆಕ್ಟರಿನದು. ಕೇಬಲ್‌ಗೆ ತಿರುಗಿಸಿ ಕೂರಿಸುವ ಅಗ್ಗದ ಕನೆಕ್ಟರ್‌ಗಳನ್ನು ಕತ್ತರಿಸಿ ಬಿಸಾಡಿ, ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಶನ್ ಬಗೆಯದ್ದನ್ನೇ ಹಾಕಿ. ಕನೆಕ್ಟರ್ ನಿಮ್ಮ ಕೇಬಲ್‌ಗೆ ಹೊಂದುವಂಥದ್ದಿರಲಿ, ನಾಲ್ಕು ಪದರ ಶೀಲ್ಡ್‌ನ ಆರ್‌ಜಿ-6 ಸ್ವಲ್ಪ ದಪ್ಪ. ಸ್ಟ್ರಿಪ್ಪರ್‌ನಿಂದ ಸುಲಿದಾಗ ನಡುವಿನ ತಂತಿ 6 ಮಿ.ಮೀ., ಅದರ ಹಿಂದೆ ಜಾಲರಿ 6 ಮಿ.ಮೀ. ಕಾಣಬೇಕು. ಜಾಲರಿಯನ್ನು ಹೊರಕವಚದ ಮೇಲೆ ಹಿಂದಕ್ಕೆ ಮಡಚಿ, ಬಿಳಿ ನಿರೋಧಕಕ್ಕೆ ಅಂಟಿದ ಫಾಯಿಲ್ ಹಾಗೇ ಇರಲಿ. ಕನೆಕ್ಟರ್ ಒಳಗೆ ಇಣುಕಿದಾಗ ಬಿಳಿ ಭಾಗ ತಳಕ್ಕೆ ಸಮವಾಗಿ ಬಂದಿರಬೇಕು, ನಡುವಿನ ತಂತಿ ಅಂಚಿನಿಂದ 1.5ರಿಂದ 3 ಮಿ.ಮೀ. ಆಚೆ ನಿಲ್ಲಬೇಕು. ಆಗ ಮಾತ್ರ ಒತ್ತಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಸಾಕೆಟ್‌ಗೆ ಕೈಯಲ್ಲಿ ಪೂರ್ತಿ ತಿರುಗಿಸಿದ ಮೇಲೆ 7/16 ಇಂಚಿನ ಸ್ಪ್ಯಾನರ್‌ನಲ್ಲಿ ಕಾಲು ಸುತ್ತಿನೊಳಗೆ ಬಿಗಿ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಮೋಡೆಮ್ ಕಡೆ ಬಲ ಹಾಕಿದರೆ ಒಳಗಿನ ಬೋರ್ಡ್‌ನಿಂದ ಸಾಕೆಟ್ಟೇ ಕಿತ್ತುಬರುತ್ತದೆ.

ಯಾವ ಚಾನೆಲ್‌ಗಳು ಕೆಟ್ಟಿವೆ ಎಂಬುದರಿಂದ ತಪ್ಪಿನ ಬಗೆಯೂ ತಿಳಿಯುತ್ತದೆ. ನಡುವಿನ ತಂತಿ ಸರಿಯಾಗಿ ತಾಗದಿದ್ದರೆ ಆ ಸಂದು ಕೆಪಾಸಿಟರ್‌ನಂತೆ ವರ್ತಿಸಿ ಮೇಲಿನ ಫ್ರೀಕ್ವೆನ್ಸಿಗಳನ್ನು ಬಿಡುತ್ತದೆ, ಕೆಳಗಿನವನ್ನು ತಡೆಯುತ್ತದೆ. ಡೌನ್‌ಲೋಡ್ ಚೆನ್ನಾಗಿದ್ದು ಅಪ್‌ಸ್ಟ್ರೀಮ್ ಪವರ್ ಮಾತ್ರ ಜಿಗಿದಿದ್ದರೆ ಇದನ್ನು ಶಂಕಿಸಿ. ಕೇಬಲ್‌ಗೆ ನೀರಿಳಿದಿದ್ದರೆ ಸಾಮಾನ್ಯವಾಗಿ ಮೇಲಿನ ಚಾನೆಲ್‌ಗಳು ಮೊದಲು ಬೀಳುತ್ತವೆ. ಮಟ್ಟ ಸರಿಯಿದ್ದು 700 ಅಥವಾ 850 ಮೆಗಾಹರ್ಟ್ಸ್ ಸುತ್ತಲಿನ ಒಂದೆರಡು ಚಾನೆಲ್‌ನ ಎಸ್‌ಎನ್‌ಆರ್ ಮಾತ್ರ ಕುಸಿದಿದ್ದರೆ ಸಡಿಲ ಕನೆಕ್ಟರ್ ಮೂಲಕ ಮೊಬೈಲ್ ಸಿಗ್ನಲ್ ಒಳನುಗ್ಗುತ್ತಿರಬಹುದು. ಫೋನನ್ನು ಮೋಡೆಮ್ ಮೇಲೆ ಇಡುವ ಅಭ್ಯಾಸ ಬಿಡಿ. ಚಾನೆಲ್ ಮಟ್ಟಗಳು ಅಲೆಯಂತೆ ಏರಿಳಿಯುತ್ತಿದ್ದರೆ ಎಲ್ಲೋ ಸಿಗ್ನಲ್ ಬಡಿದು ಹಿಂದಿರುಗುತ್ತಿದೆ. ಎರಡು ಏರುಗಳ ನಡುವಿನ ಅಂತರವನ್ನು ಮೆಗಾಹರ್ಟ್ಸ್‌ನಲ್ಲಿ ತೆಗೆದುಕೊಂಡು 127ನ್ನು ಅದರಿಂದ ಭಾಗಿಸಿದರೆ, ಸಿಗ್ನಲ್ ಬಡಿದಾಡುತ್ತಿರುವ ಎರಡು ತುದಿಗಳ ನಡುವಿನ ಕೇಬಲ್ ಉದ್ದ ಸುಮಾರಾಗಿ ಮೀಟರ್‌ಗಳಲ್ಲಿ ಸಿಗುತ್ತದೆ. 12 ಮೆಗಾಹರ್ಟ್ಸ್‌ಗೊಂದು ಏರಾದರೆ ಹತ್ತು ಮೀಟರ್ ಚಿಲ್ಲರೆ. ಅಷ್ಟುದ್ದದ ತುಂಡು ಮನೆಯಲ್ಲಿ ಯಾವುದಿದೆ ಎಂದು ನೋಡಿ.

ಕಂಪನಿಗೆ ಫೋನ್ ಮಾಡುವ ಮೊದಲು ಇದೊಂದು ಪರೀಕ್ಷೆ ಮಾಡಲೇಬೇಕು. ಮೋಡೆಮನ್ನು ಬೇಸ್‌ಮೆಂಟ್‌ಗೆ ಒಯ್ದು, ಎಲ್ಲ ಸ್ಪ್ಲಿಟರ್ ಬಿಟ್ಟು, ಒಳಬರುವ ಕೇಬಲ್‌ಗೆ ನೇರ ಹಾಕಿ ಹತ್ತು ನಿಮಿಷ ಬಿಡಿ. ಅಂಕಿಗಳು ಸರಿಯಾದರೆ ತಪ್ಪು ನಿಮ್ಮ ಮನೆಯೊಳಗೆ, ಒಂದೊಂದೇ ಭಾಗವನ್ನು ಮರಳಿ ಸೇರಿಸುತ್ತ ಎಲ್ಲಿ ಕೆಡುತ್ತದೆ ನೋಡಿ. ಅಲ್ಲೂ ಕೆಟ್ಟಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಟೆಕ್ನಿಷಿಯನ್ನನ್ನು ಕರೆಸಿ. ಹೊರಗಿನ ಟ್ಯಾಪ್ (ಬೀದಿಯ ಲೈನಿನಿಂದ ಮನೆಗೆ ಕವಲು ತೆಗೆಯುವ ಪೆಟ್ಟಿಗೆ), ಕಂಬದಿಂದ ಬರುವ ತಂತಿ ಕಂಪನಿಯ ಸ್ವತ್ತು. ಗೋಡೆಯ ಬಳಿಯ ಅರ್ಥಿಂಗ್ ಬ್ಲಾಕ್‌ನ ತಂತಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.