ಲಕ್ಕುಂಡಿಯ ಓಣಿಯಲ್ಲಿ ಚರಂಡಿ ತೋಡಿಸುವಾಗ: ನನ್ನ ಅನುಭವ

ಗದಗ ಬಳಿಯ ಲಕ್ಕುಂಡಿಯ ಚರಂಡಿ ಕಾಮಗಾರಿಗೆ ಎಂಜಿನಿಯರಾಗಿ ಹೋದಾಗ, ಅಗೆತದಲ್ಲಿ ಹಳೆಯದೇನಾದರೂ ಸಿಕ್ಕೇ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಕೆಲಸ ಆರಂಭಿಸಿದ್ದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ, ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಲೊಕ್ಕಿಗುಂಡಿ ಎಂಬ ಹಳೆಯ ಊರಿನ ಮೇಲೆಯೇ ಇಂದಿನ ಮನೆಗಳು ನಿಂತಿವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಗೆರೆಗಳನ್ನು ಮೊದಲೇ ನಕ್ಷೆಯಲ್ಲಿ ಎಳೆದುಕೊಂಡೆ.

ಇಕ್ಕಟ್ಟಾದ ಓಣಿಗಳಲ್ಲಿ ಜೆಸಿಬಿಯನ್ನು ಮೇಲ್ಪದರಕ್ಕಷ್ಟೇ ಬಿಟ್ಟು, ಕೆಳಗೆ ಗುದ್ದಲಿ, ಸಲಿಕೆಗಳಿಂದಲೇ ಅಗೆಸಿದೆ. ಎರೆ ಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುವುದರಿಂದ ಮೇಲಿನ ಬಳೆಚೂರು, ಹೆಂಚಿನ ತುಂಡುಗಳು ಬಿರುಕಿನೊಳಗೆ ಜಾರಿ ಹಳೆಯ ಪದರದಲ್ಲಿ ಕೂತಿರುತ್ತವೆ. ಆದ್ದರಿಂದ ತಗ್ಗಿನ ಗೋಡೆಯನ್ನು ಕರಣೆಯಿಂದ ಹೆರೆಸಿ, ಬಿರುಕು ಯಾವುದು, ಬೂದಿ ಮತ್ತು ಮಡಕೆಚೂರು ಬೆರೆತ ನಿಜವಾದ ವಸತಿಯ ಪದರ ಯಾವುದು ಎಂದು ನೋಡಿದ ಮೇಲೆಯೇ ಮುಂದುವರಿಯುತ್ತಿದ್ದೆವು.

ಹೀಗೆ ಅಗೆಯುವಾಗ ಬಳಪದ ಕಲ್ಲಿನ ಒಡೆದ ಹಲಗೆಯೊಂದು ಮುಖ ಕೆಳಗಾಗಿ ಸಿಕ್ಕಿತು. ಎತ್ತುವ ಮೊದಲೇ ರಸ್ತೆಯ ಮಟ್ಟದಿಂದ ಆಳವನ್ನೂ, ಮನೆಗಳ ಎರಡು ಮೂಲೆಗಳಿಂದ ಟೇಪು ಹಿಡಿದು ದೂರವನ್ನೂ ಬರೆದುಕೊಂಡೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪು ತೋರಿಸುವುದರಿಂದ ಈ ಕೆಲಸಕ್ಕೆ ಅದು ಸಾಲದು. ಮಗ್ಗುಲಾಗಿಸಿ ಟಾರ್ಚನ್ನು ಓರೆಯಾಗಿ ಹಿಡಿದಾಗ, ಸವೆದ ಮೊದಲ ಸಾಲಿನಲ್ಲಿ ‘ಸ್ವಸ್ತಿ ಸಮಸ್ತಭುವನಾಶ್ರಯ’ ಎಂಬ, ಚಾಲುಕ್ಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಕ್ಕಣೆ ಕಾಣಿಸಿತು. ಆ ದುಂಡನೆಯ ಅಕ್ಷರಗಳನ್ನು ಕಂಡು ನನಗಾದ ಸಂತೋಷ ಇಷ್ಟಿಷ್ಟಲ್ಲ.

“ದೇವರ ಕಲ್ಲರೀ ಸಾಹೇಬ್ರ, ಒಂದೀಟು ಎಣ್ಣಿ, ಕುಂಕುಮ ಹಚ್ಚತೀವ್ರಿ” ಎಂದರು ಹಿರಿಯರೊಬ್ಬರು. “ಪೂಜಿ ಮಾಡ್ರಿ ಅಜ್ಜಾರ, ಅಕ್ಷರದ ಮ್ಯಾಲ ಮಾತ್ರ ಏನೂ ಹಚ್ಚಬ್ಯಾಡ್ರಿ” ಎಂದೆ. ಶಾಸನದ ಪಡಿಯಚ್ಚು, ಅಂದರೆ ಕಾಗದದ ಮೇಲೆ ಅಕ್ಷರಗಳ ಪ್ರತಿ, ತೆಗೆಯುವಾಗ ಒದ್ದೆ ಕಾಗದವನ್ನು ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ ಮೇಲೆ ಮಸಿ ಒತ್ತುತ್ತಾರೆ. ಎಣ್ಣೆ ಹಿಡಿದ ಕಲ್ಲಿಗೆ ಆ ಕಾಗದ ಅಂಟುವುದಿಲ್ಲ. ಇದನ್ನು ವಿವರಿಸಿದ ಮೇಲೆ ಅವರೇ ಪಕ್ಕದಲ್ಲಿ ಹೂವಿಟ್ಟು, ಮಕ್ಕಳು ಕಲ್ಲನ್ನು ಮುಟ್ಟದಂತೆ ಕಾವಲು ನಿಂತರು.

ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ಅಂದೇ ತಿಳಿಸಿದೆ. ಸಿಕ್ಕಿದ್ದನ್ನು ಮುಚ್ಚಿಹಾಕುವವರನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಅದಕ್ಕೆ ಹೆಚ್ಚಿನ ಸಲ ಕಾರಣ ಆಸೆಯಲ್ಲ, ಕೆಲಸ ನಿಂತು ಕೂಲಿ ತಪ್ಪೀತೆಂಬ ಭಯ. ಅದಕ್ಕಾಗಿ ಪ್ರತಿ ಓಣಿಗೂ ಬದಲಿ ಜಾಗವೊಂದನ್ನು ವೇಳಾಪಟ್ಟಿಯಲ್ಲೇ ಗುರುತಿಸಿಟ್ಟಿದ್ದೆ. ಪಂಚನಾಮೆ ಮುಗಿಯುವವರೆಗೆ ಆಳುಗಳು ಅಲ್ಲಿ ದುಡಿದರು, ಗುತ್ತಿಗೆದಾರರೂ ತಕರಾರು ಎತ್ತಲಿಲ್ಲ. ಇಲಾಖೆಯವರು ಕಲ್ಲನ್ನು ಒಯ್ಯುವಾಗ ಅಳತೆಯ ಹಾಳೆಯನ್ನೂ ಜೊತೆಗೆ ಕೊಟ್ಟೆ. ಚರಂಡಿಯನ್ನು ಓಣಿಯ ಎದುರು ಮಗ್ಗುಲಿಗೆ ಸರಿಸಿದೆವು.