ಮನೆ ಮುಂದೆ ಚುನಾವಣಾ ಬೋರ್ಡು ಹಾಕುವ ಮುನ್ನ: ಟೆಕ್ಸಸ್ ಕನ್ನಡಿಗರಿಗೆ

ಆಗಸ್ಟ್ ಬಂತೆಂದರೆ ಡಲ್ಲಾಸ್‌ನ ಉತ್ತರದ ನಮ್ಮ ಬಡಾವಣೆಗಳಲ್ಲಿ ಹುಲ್ಲಿನ ಮಧ್ಯೆ ನವೆಂಬರ್ ಚುನಾವಣೆಯ ಅಭ್ಯರ್ಥಿಗಳ ಬೋರ್ಡುಗಳು ಏಳಲು ಶುರು. ಹೊಸದಾಗಿ ಪೌರತ್ವ ಸಿಕ್ಕ ಗೆಳತಿಯರು ಫೋನ್ ಮಾಡುತ್ತಾರೆ. "ಅಕ್ಕಾ, ನಾವೂ ಒಂದು ಹಾಕಬಹುದಾ? ಪಕ್ಕದ ಮನೆಯವರು ಏನಂದುಕೊಳ್ತಾರೋ?" ಎರಡಕ್ಕೂ ಉತ್ತರ ಹೇಳುತ್ತೇನೆ. ಯಾವ ಪಕ್ಷದ್ದು ಹಾಕಬೇಕು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ ಮೇಲಿರುವವರು ಇಲ್ಲಿನ ಯಾವ ಚುನಾವಣೆಗೂ ದುಡ್ಡು ಕೊಡುವಂತಿಲ್ಲ. ಅಭ್ಯರ್ಥಿಯ ಕಡೆಯಿಂದ ಬೋರ್ಡು ಕೊಂಡರೆ ಆ ದುಡ್ಡೂ ದೇಣಿಗೆ ಅಂತಲೇ ಲೆಕ್ಕ. ಹತ್ತು ಡಾಲರ್ ತಾನೇ ಅನ್ನಬೇಡಿ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ.

ಆಮೇಲೆ ಎಚ್ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘ. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಒಮ್ಮತದ ತೀರ್ಪು ಕೊಟ್ಟಿದೆ. ಸೇಂಟ್ ಲೂಯಿಸ್ ಪಕ್ಕದ ಲಡೂ ಅನ್ನೋ ಶ್ರೀಮಂತ ಊರಲ್ಲಿ ಮಾರ್ಗರೆಟ್ ಗಿಲಿಯೊ ಎಂಬಾಕೆ ಕೊಲ್ಲಿ ಯುದ್ಧ ಬೇಡ ಅಂತ ಅಂಗಳದಲ್ಲಿ ಬೋರ್ಡು ಹಾಕಿದ್ದರು. ಅದು ಕಾಣೆಯಾಯಿತು. ಇನ್ನೊಂದು ಹಾಕಿದರೆ ಯಾರೋ ಕೆಡವಿದರು. ದೂರು ಕೊಡಲು ಹೋದರೆ, ಬೋರ್ಡು ಹಾಕೋದೇ ಊರಿನ ನಿಯಮಕ್ಕೆ ವಿರುದ್ಧ ಅಂದರು ಪೊಲೀಸರು! ಕೋರ್ಟಿನಲ್ಲಿ ಗೆದ್ದದ್ದು ಆಕೆ. ಆದರೆ ಆ ತೀರ್ಪು ಕಟ್ಟಿಹಾಕಿದ್ದು ಸರ್ಕಾರವನ್ನು. ಎಚ್ಒಎ ಖಾಸಗಿ ಸಂಘ, ಅದಕ್ಕೆ ಆಯಾ ರಾಜ್ಯದ ಕಾನೂನೇ ಮೂಗುದಾರ.

ಟೆಕ್ಸಸ್ ಕಾನೂನು ಹೀಗಿದೆ. ಚುನಾವಣೆಗೆ 90 ದಿನ ಮೊದಲಿನಿಂದ ಮುಗಿದು 10ನೇ ದಿನ ಬರುವವರೆಗೆ ಎಚ್ಒಎ ನಿಮ್ಮ ಬೋರ್ಡನ್ನು ತಡೆಯುವಂತಿಲ್ಲ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಬೋರ್ಡು, ಅದೂ ನೆಲಕ್ಕೆ ನೆಟ್ಟಿದ್ದು, 4 ಅಡಿಗೆ 6 ಅಡಿ ಮೀರಬಾರದು ಅಂತ ಅವರು ಕೇಳಬಹುದು. ಬಲೂನು, ದೀಪ, ಹಾಡು ಬೇಡ ಅಂತಲೂ ಹೇಳಬಹುದು. ಲೌಡ್‌ಸ್ಪೀಕರ್ ಕಟ್ಟಿದ ಆಟೋ ಕೇಳಿ ಬೆಳೆದ ನಮಗೆ ಇದೊಂದು ಸಪ್ಪೆ ಚುನಾವಣೆ, ಅಲ್ವಾ?

ಇನ್ನು ನೆಡುವ ಕೆಲಸ. ಸಾಮಾನ್ಯ ಬೋರ್ಡು 24 ಇಂಚು ಅಗಲ, 18 ಇಂಚು ಎತ್ತರದ ಪೊಳ್ಳು ಪ್ಲಾಸ್ಟಿಕ್ ಹಾಳೆ. ಅದರ ತೂತುಗಳಿಗೆ ತಂತಿಯ ಕಾಲು ತೂರಿಸಿ ನೆಲಕ್ಕೆ ಚುಚ್ಚಬೇಕು. ಇಲ್ಲಿನ ಮಣ್ಣು ನಮ್ಮ ಗದಗ ಕಡೆಯ ಎರೆಮಣ್ಣಿನ ಜಾತಿಯದೇ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ, ಒತ್ತಿದರೆ ತಂತಿ ಬಾಗುತ್ತದೆ. ಹಿಂದಿನ ಸಂಜೆ ಒಂದು ಬಕೆಟ್ ನೀರು ಹೊಯ್ಯಿರಿ, ಬೆಳಿಗ್ಗೆ ನೆಡಿ. ಸ್ಪ್ರಿಂಕ್ಲರ್ ಪೈಪ್ ಎಲ್ಲಿ ಹೋಗಿದೆ ನೋಡಿಕೊಳ್ಳಿ. ಬೋರ್ಡನ್ನು ರಸ್ತೆಗೆ ಅಡ್ಡಮುಖವಾಗಿ ನಿಲ್ಲಿಸಿ, ಆಗ ಎರಡೂ ಕಡೆಯಿಂದ ಬರುವ ಕಾರಿನವರಿಗೆ ಓದಲು ಸಿಗುತ್ತದೆ. ಫುಟ್‌ಪಾತ್‌ಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಮಾತ್ರ ಬೇಡ. ಹುಲ್ಲು ಕತ್ತರಿಸೋದು ನೀವೇ ಆದರೂ ಅದು ಸಾಮಾನ್ಯವಾಗಿ ರಸ್ತೆಯ ಹದ್ದಿಗೆ ಸೇರಿದ ಜಾಗ. ನಗರಸಭೆಯವರು ಕಿತ್ತು ಹಾಕುತ್ತಾರೆ.

ಪ್ರೆಸ್ಟನ್ ರೋಡ್ ಹಿಡಿದು ಪ್ರಾಸ್ಪರ್, ಸೆಲಿನಾ ದಾಟಿ ಗಂಟರ್ ಕಡೆ ಹೋದರೆ ಬೇರೆಯದೇ ಲೋಕ. ಹೊಲದ ಮುಳ್ಳುತಂತಿ ಬೇಲಿಗೆ ಬಾಗಿಲಿನಷ್ಟು ದೊಡ್ಡ ಬೋರ್ಡುಗಳು. ಅಲ್ಲಿ ಬೋರ್ಡಿಗೆ ಜಾಗ ಕೇಳಿಕೊಂಡು ಹೋಗುವವರು ಬೇಲಿ ಕಂಬ, ಮರಗಳನ್ನು ನೋಡಿ. ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ 'ಒಳಗೆ ಬರಬೇಡಿ' ಅಂತ ಅರ್ಥ, ಟೆಕ್ಸಸ್ ಕಾನೂನಿನಲ್ಲೇ ಇದೆ. ಗೇಟಿನಿಂದಲೇ ವಾಪಸ್ ಬನ್ನಿ.

ಈಗ ಎದುರು ಮನೆಯ ವಿಷಯ. ನಮ್ಮ ಎದುರು ಮನೆಯ ಅಜ್ಜನ ಬೋರ್ಡಿಗೂ ನಮ್ಮದಕ್ಕೂ ಎಣ್ಣೆ-ಸೀಗೇಕಾಯಿ. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದು ಟೆಕ್ಸಸ್ ತುಂಬ ಕರೆಂಟ್ ಹೋದಾಗ ನಮ್ಮ ಪೈಪ್ ಒಡೆಯಿತು. ರಸ್ತೆ ಬದಿಯ ಮೀಟರ್ ಪೆಟ್ಟಿಗೆಯಲ್ಲಿ ನೀರು ನಿಲ್ಲಿಸುವ ಉದ್ದನೆಯ ಕೀ ಇದ್ದದ್ದು ಆ ಅಜ್ಜನ ಹತ್ತಿರ. ಅವರೇ ಬಂದು ತಿರುಗಿಸಿಕೊಟ್ಟರು. ಹಾಗಂತ ಅವರ ಓಟು ಬದಲಾಗಲಿಲ್ಲ, ನಮ್ಮದೂ ಬದಲಾಗಲಿಲ್ಲ. ನಾನು ಇಟ್ಟುಕೊಂಡಿರುವ ಪದ್ಧತಿ ಇಷ್ಟೇ: ಬೋರ್ಡು ನೆಡುವ ಮುಂಚೆ ಯಾರಿಗೂ ಹೇಳುವುದಿಲ್ಲ, ನೆಟ್ಟ ಮೇಲೆ ವಿವರಣೆ ಕೊಡುವುದಿಲ್ಲ. ಯಾರಾದರೂ ಕೆಣಕಿದರೆ "ಹೌದು, ನಮ್ಮ ಆಯ್ಕೆ ಅದು" ಅಂದು ಅವರ ನಾಯಿಯ ಸಮಾಚಾರ ಕೇಳುತ್ತೇನೆ. ಅಭ್ಯರ್ಥಿಯ ಹೆಸರಿರುವ ಬೋರ್ಡು ಸರಿ. ಎದುರಾಳಿಯನ್ನು ಬೈಯುವ ಬೋರ್ಡು ತರಬೇಡಿ, ಅದು ಎದುರು ಮನೆಯವರನ್ನೇ ಬೈದ ಹಾಗೆ ಕಾಣುತ್ತದೆ. ನಿಮ್ಮ ಬೋರ್ಡು ಕಳುವಾದರೆ ಫೋಟೋ ಇಟ್ಟುಕೊಂಡು ಪೊಲೀಸರಿಗೆ ಹೇಳಿ. ಸೇಡಿಗೆ ಅವರದನ್ನು ಕಿತ್ತರೆ ಕಳ್ಳರು ನೀವಾಗುತ್ತೀರಿ.

ಕನ್ನಡ ಕೂಟಕ್ಕೆ ಬೋರ್ಡು ತರಲೇಬೇಡಿ. ರಾಜ್ಯೋತ್ಸವವೂ ಚುನಾವಣೆಯೂ ಒಂದೇ ವಾರ ಬರುವುದರಿಂದ ಆಸೆಯಾಗುತ್ತದೆ. ದತ್ತಿ ಸಂಸ್ಥೆಯಾಗಿ ತೆರಿಗೆ ವಿನಾಯಿತಿ ಪಡೆದ ಕೂಟ ಯಾವ ಅಭ್ಯರ್ಥಿಯ ಪರವೂ ಪ್ರಚಾರ ಮಾಡುವಂತಿಲ್ಲ.

ಇಷ್ಟೆಲ್ಲ ಮಾಡಿ ಲಾಭ ಎಷ್ಟು? 2016ರಲ್ಲಿ ಪ್ರಕಟವಾದ ನಾಲ್ಕು ಪ್ರಯೋಗಗಳ ಅಧ್ಯಯನದಲ್ಲಿ, ಬೋರ್ಡುಗಳಿಂದ ಮತಪ್ರಮಾಣಕ್ಕೆ ಸಿಕ್ಕ ಸರಾಸರಿ ಲಾಭ ಶೇ 2ಕ್ಕಿಂತ ಕಡಿಮೆ. ಅಧ್ಯಕ್ಷರ ಚುನಾವಣೆಯಲ್ಲಿ ನಿಮ್ಮ ಬೋರ್ಡು ಸುಮ್ನೆ ಬಾವುಟ ಇದ್ದಂತೆ ಅಂತ ನನ್ನ ಎಣಿಕೆ. ನಾನು ಜಾಸ್ತಿ ಬೆಲೆ ಕೊಡೋದು ಮೇ ತಿಂಗಳ ಮೊದಲ ಶನಿವಾರ ನಡೆಯುವ ಶಾಲಾ ಮಂಡಳಿ, ನಗರಸಭೆ ಚುನಾವಣೆಗಳಿಗೆ. ನಮ್ಮ ಗ್ರಾಮ ಪಂಚಾಯಿತಿಯಂತೆ ಅಲ್ಲೂ ಹೆಚ್ಚಾಗಿ ಮತಪತ್ರದಲ್ಲಿ ಪಕ್ಷದ ಹೆಸರು ಇರಲ್ಲ. ಬರುವ ಜನ ಕಡಿಮೆ, ಅಭ್ಯರ್ಥಿಯ ಹೆಸರು ಯಾರಿಗೂ ಗೊತ್ತಿರಲ್ಲ. "ಯಾರಿದು?" ಅಂತ ಪಕ್ಕದ ಮನೆಯವರು ನಿಜವಾಗಿ ಕೇಳುವುದು ಆಗಲೇ.

ಮತ ಹಾಕಲು ಹೋಗುವಾಗ ಅಭ್ಯರ್ಥಿಯ ಹೆಸರಿರುವ ಟೀ ಶರ್ಟ್, ಟೋಪಿ ಮನೆಯಲ್ಲೇ ಬಿಡಿ. ಮತಗಟ್ಟೆ ಬಾಗಿಲಿನ 100 ಅಡಿ ಒಳಗೆ ಅದೂ ಪ್ರಚಾರವೇ. ಎಲ್ಲ ಮುಗಿದ ಮೇಲೆ 10 ದಿನದೊಳಗೆ ಬೋರ್ಡು ತೆಗೆಯಿರಿ, ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ತಂತಿ ಕಾಲುಗಳನ್ನು ಎಸೆಯಬೇಡಿ. ಹಿತ್ತಲಿನ ಮೆಣಸಿನ ಗಿಡಗಳಿಗೆ ಆಸರೆಯಾಗುತ್ತವೆ.